ಬಂಡೆಯ ಮೇಲಿನ ಸಂಸಾರ: ದೀಪಸ್ತಂಭದ ಪ್ರಣಯಕಥೆ ಮತ್ತು ಅದರ ಹಿಂದಿನ ಚರಿತ್ರೆ

ಕನ್ನಡದಲ್ಲಿ ದೀಪಸ್ತಂಭ ಎಂಬ ಮಾತು ಎರಡು ವಸ್ತುಗಳನ್ನು ಸೂಚಿಸುತ್ತದೆ. ದೇವಾಲಯದ ಅಂಗಳದಲ್ಲಿ ನಿಂತು ಹಬ್ಬದ ಸಂಜೆ ಹಣತೆಗಳನ್ನು ಹೊರುವ ಕಲ್ಲುಕಂಬ ಒಂದಾದರೆ, ಕಾಪುವಿನ ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಎದ್ದು ನಿಂತಂತಹ, ಹಡಗುಗಳಿಗೆ ದಾರಿ ತೋರುವ ಗೋಪುರ ಇನ್ನೊಂದು. ಮೊದಲನೆಯದರಲ್ಲಿ ದೀಪ ಉರಿಯುವುದು ಹಬ್ಬಕ್ಕೆ, ಅದಕ್ಕೆ ಎಣ್ಣೆ ಎರೆಯುವವರು ಊರಿನವರು. ಎರಡನೆಯದು ವರ್ಷದ ಪ್ರತಿ ರಾತ್ರಿಯೂ ಉರಿಯಬೇಕಾದ್ದರಿಂದ ಅದನ್ನು ಉರಿಸುವವರು ಊರನ್ನು ಬಿಟ್ಟು ಅದರ ಬುಡದಲ್ಲೇ ಬಾಳಬೇಕಾಯಿತು. ಪಾಶ್ಚಾತ್ಯ ಜನಪ್ರಿಯ ಸಾಹಿತ್ಯದಲ್ಲಿ ಹೆಚ್ಚು ಬಳಕೆಯಲ್ಲಿರುವ ದೀಪಸ್ತಂಭದ ಪ್ರಣಯಕಥೆ, ಅಂದರೆ ನಿರ್ಜನ ಬಂಡೆ, ಒಂಟಿ ದೀಪಪಾಲಕ, ಬಿರುಗಾಳಿಯ ರಾತ್ರಿ ಮತ್ತು ಅನಿರೀಕ್ಷಿತ ಒಲವು ಕೂಡಿದ ಕಥೆ, ಹುಟ್ಟಿಕೊಂಡದ್ದು ಈ ಊರು ಬಿಟ್ಟ ಬಾಳಿನಿಂದ. ಆದರೆ ಹತ್ತೊಂಬತ್ತನೆಯ ಶತಮಾನದ ದೀಪಸ್ತಂಭಗಳ ಚರಿತ್ರೆಯನ್ನು ನೋಡಿದರೆ, ಅಲ್ಲಿ ಒಲವು ಒಂಟಿತನದ ಪರಿಹಾರವಾಗಿ ಬಂದದ್ದಕ್ಕಿಂತ ಹೆಚ್ಚಾಗಿ ದುಡಿಮೆಯ ವ್ಯವಸ್ಥೆಯಾಗಿ ನೆಲೆ ನಿಂತದ್ದು ಕಾಣುತ್ತದೆ. ಕಾದಂಬರಿ ಮುಗಿಯುವ ಜಾಗದಲ್ಲಿ, ಎಂದರೆ ಮದುವೆಯಲ್ಲಿ, ದೀಪದ ಕೆಲಸ ಶುರುವಾಗುತ್ತಿತ್ತು.

ದೀಪ, ಕಡಲು ಮತ್ತು ಪ್ರೇಮಿಗಳನ್ನು ಒಂದುಗೂಡಿಸಿದ ಹಳೆಯ ಕಥೆ ಗ್ರೀಕರದು. ಇಂದು ಡಾರ್ಡನೆಲ್ಸ್ ಎಂದು ಕರೆಯಲಾಗುವ ಜಲಸಂಧಿಯ ಒಂದು ದಡದ ಸೆಸ್ಟೋಸ್‌ನಲ್ಲಿ ಹೀರೋ ಎಂಬ ಪೂಜಾರಿಣಿಯೂ ಎದುರು ದಡದ ಅಬೈಡೋಸ್‌ನಲ್ಲಿ ಲಿಯಾಂಡರ್ ಎಂಬ ಯುವಕನೂ ಇದ್ದರು. ಅವಳು ಗೋಪುರದಲ್ಲಿ ಹಚ್ಚಿಟ್ಟ ದೀಪವನ್ನು ಗುರಿಯಾಗಿಟ್ಟುಕೊಂಡು ಅವನು ಪ್ರತಿ ರಾತ್ರಿ ಈಜಿ ಬರುತ್ತಿದ್ದ. ಒಂದು ಬಿರುಗಾಳಿಯ ರಾತ್ರಿ ದೀಪ ಆರಿ, ದಾರಿ ತಪ್ಪಿದ ಅವನು ಮುಳುಗಿ ಸತ್ತ, ಅವನ ಶವವನ್ನು ಕಂಡ ಅವಳು ಗೋಪುರದಿಂದ ಹಾರಿದಳು ಎಂಬುದು ಐತಿಹ್ಯ. ಇಂಗ್ಲಿಷಿನಲ್ಲಿ ಕ್ರಿಸ್ಟೋಫರ್ ಮಾರ್ಲೋ ಬರೆದ ಇದೇ ವಸ್ತುವಿನ ಕಾವ್ಯ 1598ರಲ್ಲಿ ಪ್ರಕಟವಾಯಿತು. ಕವಿ ಬೈರನ್ 1810ರಲ್ಲಿ ಆ ಜಲಸಂಧಿಯನ್ನು ತಾನೇ ಈಜಿ, ಕಥೆ ಅಸಾಧ್ಯವಾದದ್ದಲ್ಲ ಎಂದು ತೋರಿಸಿದ. ಇಸ್ತಾಂಬುಲಿನ ಕಡಲ ನಡುವಿನ ಕನ್ಯೆಯ ಗೋಪುರಕ್ಕೂ, ಅದು ಡಾರ್ಡನೆಲ್ಸ್‌ನಿಂದ ಬಹಳ ದೂರವಿದ್ದರೂ, ಲಿಯಾಂಡರನ ಹೆಸರು ಅಂಟಿಕೊಂಡಿತು. ದೀಪವನ್ನು ಹೆಣ್ಣು ಹಚ್ಚುವುದು, ಅದು ಆರಿದರೆ ಸಾವು ಬರುವುದು ಎಂಬ ಈ ಕಥೆಯ ಎರಡು ಎಳೆಗಳು ಮುಂದಿನ ಹಲವು ದೀಪಸ್ತಂಭ ಕಥೆಗಳಲ್ಲೂ ಉಳಿದುಬಂದವು.

ಆಧುನಿಕ ಪ್ರಣಯಕಥೆಗೆ ರೂಪ ಬಂದದ್ದು ಒಂದು ನಿಜವಾದ ಘಟನೆಯಿಂದ. ಇಂಗ್ಲೆಂಡಿನ ಈಶಾನ್ಯ ಕರಾವಳಿಯಾಚೆಯ ಫಾರ್ನ್ ದ್ವೀಪಗಳಲ್ಲಿ 1826ರಲ್ಲಿ ಕಟ್ಟಲಾದ ಲಾಂಗ್‌ಸ್ಟೋನ್ ದೀಪಸ್ತಂಭದ ಪಾಲಕ ವಿಲಿಯಂ ಡಾರ್ಲಿಂಗ್ ತನ್ನ ಹೆಂಡತಿ ಮಕ್ಕಳೊಂದಿಗೆ ಅಲ್ಲಿ ವಾಸಿಸುತ್ತಿದ್ದ. 1838ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಹಲ್‌ನಿಂದ ಡಂಡಿಗೆ ಹೊರಟಿದ್ದ ಫಾರ್ಫಾರ್‌ಶೈರ್ ಎಂಬ ಉಗಿಹಡಗು ಸಮೀಪದ ಬಂಡೆಗೆ ಬಡಿದು ಎರಡು ತುಂಡಾಯಿತು. ವಿಲಿಯಂ ಮತ್ತು ಅವನ 22 ವರ್ಷದ ಮಗಳು ಗ್ರೇಸ್, ಅಬ್ಬರದ ಕಡಲಿನಲ್ಲಿ ಚಿಕ್ಕ ದೋಣಿಗೆ ಹುಟ್ಟು ಹಾಕುತ್ತ ಹೋಗಿ, ಎರಡು ಸುತ್ತಿನಲ್ಲಿ ಒಂಬತ್ತು ಜನರನ್ನು ದೀಪಸ್ತಂಭಕ್ಕೆ ಕರೆತರಲು ಕಾರಣರಾದರು. ಪತ್ರಿಕೆಗಳು ಈ ಸುದ್ದಿಯನ್ನು ಹಬ್ಬಿಸಿದ ಮೇಲೆ ಚಿತ್ರಕಾರರು ಒಬ್ಬರ ಹಿಂದೊಬ್ಬರಂತೆ ಬಂಡೆಗೆ ಬಂದರು, ರಾಣಿ ವಿಕ್ಟೋರಿಯಾ 50 ಪೌಂಡ್ ಕಳುಹಿಸಿದಳು, ಅಪರಿಚಿತರು ಗ್ರೇಸಳ ತಲೆಗೂದಲಿನ ಎಳೆಯನ್ನು ಬೇಡಿ ಪತ್ರ ಬರೆದರು, ಮದುವೆಯ ಪ್ರಸ್ತಾಪಗಳೂ ಅಂಚೆಯಲ್ಲಿ ಬಂದವು. ಮರುವರ್ಷವೇ, ಎಂದರೆ 1839ರಲ್ಲಿ, ಆಕೆಯ ಹೆಸರನ್ನೇ ತಲೆಬರಹದಲ್ಲಿಟ್ಟುಕೊಂಡ ಕಾದಂಬರಿಗಳು ಹೊರಬಂದವು. ಅವುಗಳಲ್ಲೊಂದರ ಕರ್ತೃ, ಆ ಕಾಲದ ಅಗ್ಗದ ಜನಪ್ರಿಯ ಕಥೆಗಳಿಗೆ ಹೆಸರಾದ ಜಿ. ಡಬ್ಲ್ಯು. ಎಂ. ರೆನಾಲ್ಡ್ಸ್. ಗ್ರೇಸ್ ಯಾರನ್ನೂ ಮದುವೆಯಾಗದೆ, 1842ರ ಅಕ್ಟೋಬರ್‌ನಲ್ಲಿ, 26ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡಳು. ಆಕೆಯ ಬಾಳಿನಲ್ಲಿ ಪ್ರಣಯವಿತ್ತೆಂದರೆ ಅದು ಓದುಗರಿಗೆ ಆಕೆಯ ಮೇಲಿದ್ದ ಪ್ರಣಯ. ಆ ಬಂಡೆಯ ಮೇಲೆ ನಿಜವಾಗಿ ದಶಕಗಳ ಕಾಲ ನಡೆದಿದ್ದ ದಾಂಪತ್ಯ ಆಕೆಯ ತಂದೆತಾಯಿಯರದು, ಅದರ ಬಗ್ಗೆ ಕಾದಂಬರಿ ಬರೆಯಲು ಯಾರೂ ಆತುರ ತೋರಲಿಲ್ಲ.

ದೀಪಸ್ತಂಭದಲ್ಲಿ ಸಂಸಾರ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ದೀಪದ ತಾಂತ್ರಿಕತೆಯಲ್ಲಿದೆ. ವಿದ್ಯುತ್ತು ಬರುವ ಮುಂಚೆ ಬೆಳಕಿನ ಮೂಲ ಎಣ್ಣೆಯ ಬತ್ತಿಯಾಗಿತ್ತು. ಸ್ವಿಟ್ಜರ್ಲೆಂಡಿನ ಎಮಿ ಆರ್ಗಾಂಡ್ 1780ರ ದಶಕದಲ್ಲಿ ರೂಪಿಸಿದ ದೀಪದಲ್ಲಿ ಕೊಳವೆಯಾಕಾರದ ಬತ್ತಿಯ ಒಳಗೂ ಹೊರಗೂ ಗಾಳಿ ಹರಿದು, ಗಾಜಿನ ಚಿಮಣಿಯ ನೆರವಿನಿಂದ ಹೊಗೆ ಕಡಿಮೆಯಾಗಿ ಬೆಳಕು ಹೆಚ್ಚಾಗುತ್ತಿತ್ತು; ಅದರ ಹಿಂದೆ ಬೆಳ್ಳಿಯ ಲೇಪವಿದ್ದ ತಟ್ಟೆಯಂತಹ ಪ್ರತಿಫಲಕವಿರುತ್ತಿತ್ತು. 1822ರಲ್ಲಿ ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್, ಪಟ್ಟಕಗಳ ಉಂಗುರಗಳನ್ನು ಜೋಡಿಸಿ ಬೆಳಕನ್ನು ಒಂದೇ ದಿಕ್ಕಿಗೆ ಬಾಗಿಸುವ ಮಸೂರವನ್ನು ಕೊಟ್ಟ ಮೇಲೆ ದೀಪದ ವ್ಯಾಪ್ತಿ ಬಹಳ ಹೆಚ್ಚಿತು. ಆದರೂ ಬತ್ತಿ ಉಳಿದೇ ಇತ್ತು. ರಾತ್ರಿಯ ನಡುವೆ ಬತ್ತಿಯ ಕರಿ ಕತ್ತರಿಸಬೇಕು, ಚಳಿಗೆ ಗಟ್ಟಿಯಾಗುವ ಎಣ್ಣೆಯನ್ನು ಕಾಯಿಸಿ ಎರೆಯಬೇಕು, ಹಗಲಿನಲ್ಲಿ ಮಸಿ ಹಿಡಿದ ಚಿಮಣಿ ತೊಳೆದು ಪ್ರತಿಫಲಕಗಳನ್ನು ಉಜ್ಜಬೇಕು, ಕಿಟಕಿಯ ಗಾಜಿಗೆ ಹತ್ತಿದ ಉಪ್ಪನ್ನೂ ಹಿಮವನ್ನೂ ಒರೆಸಬೇಕು. ಒಬ್ಬನಿಂದ ಆಗದ ಈ ಕೆಲಸಕ್ಕೆ ಸರ್ಕಾರ ಒಬ್ಬನಿಗೇ ಸಂಬಳ ಕೊಟ್ಟಾಗ, ಎರಡನೆಯ ಜೊತೆ ಕೈಗಳು ಅವನ ಮನೆಯಿಂದಲೇ ಬಂದವು.

ಅಮೆರಿಕದ ಮೊದಲ ದೀಪಸ್ತಂಭದಿಂದಲೇ ಇದು ಸ್ಪಷ್ಟವಾಗುತ್ತದೆ. 1716ರಲ್ಲಿ ಬಾಸ್ಟನ್ ಬಂದರಿನ ದ್ವೀಪವೊಂದರಲ್ಲಿ ಬೆಳಗಿದ ಆ ದೀಪದ ಮೊದಲ ಪಾಲಕ ಜಾರ್ಜ್ ವರ್ದಿಲೇಕ್ ಎರಡೇ ವರ್ಷಗಳಲ್ಲಿ, 1718ರಲ್ಲಿ, ಹೆಂಡತಿ ಮತ್ತು ಮಗಳೊಂದಿಗೆ ದೋಣಿ ಮಗುಚಿ ಸತ್ತ. ಆಗ ಬಾಲಕನಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಕುರಿತು ಲಾವಣಿ ಬರೆದು ಬೀದಿಯಲ್ಲಿ ಮಾರಿದ. ಪ್ಲಿಮತ್ ಬಳಿಯ ಗರ್ನೆಟ್ ದೀಪಸ್ತಂಭದ ಜಾನ್ ಥಾಮಸ್ ಸ್ವಾತಂತ್ರ್ಯ ಯುದ್ಧಕ್ಕೆ ಹೋಗಿ 1776ರಲ್ಲಿ ಮಡಿದಾಗ ದೀಪವನ್ನು ನೋಡಿಕೊಂಡವಳು ಅವನ ಹೆಂಡತಿ ಹ್ಯಾನಾ. ಗಂಡ ಸತ್ತ ಮೇಲೆ ಹೆಂಡತಿಯ ಕೈಗೆ, ತಂದೆ ಹಾಸಿಗೆ ಹಿಡಿದ ಮೇಲೆ ಮಗಳ ಕೈಗೆ ದೀಪ ದಾಟುವುದು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಮತ್ತೆ ಮತ್ತೆ ಕಾಣುವ ರೂಢಿ.

ಈ ರೂಢಿ ಒಲವಿನೊಡನೆ ಹೆಣೆದುಕೊಂಡ ಬಗೆಗೆ ಅತ್ಯಂತ ತುಂಬಿದ ಉದಾಹರಣೆ ಮೇನ್ ಸಂಸ್ಥಾನದ ಮ್ಯಾಟಿನಿಕಸ್ ರಾಕ್. ಅಟ್ಲಾಂಟಿಕ್ ಕಡಲಿನಲ್ಲಿ, ರಾಕ್‌ಲ್ಯಾಂಡ್ ಬಂದರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಒಂದು ಮರವೂ ಬೆಳೆಯದ ಸುಮಾರು 30 ಎಕರೆಯ ಗ್ರಾನೈಟ್ ಬಂಡೆ ಅದು. ಅಲ್ಲಿ 1827ರಲ್ಲಿ ಒಂದಲ್ಲ, ಎರಡು ದೀಪಗಳನ್ನು ಹಚ್ಚಲಾಯಿತು. ಮಿನುಗುವ ದೀಪದ ಯಂತ್ರ ಸಾಮಾನ್ಯವಾಗುವ ಮುಂಚೆ, ಒಂದು ದೀಪಸ್ತಂಭವನ್ನು ನೆರೆಯ ಇನ್ನೊಂದರಿಂದ ನಾವಿಕರು ಬೇರೆಯಾಗಿ ಗುರುತಿಸಲೆಂದು ಹೀಗೆ ಜೋಡಿ ದೀಪಗಳನ್ನಿಡುವ ಪದ್ಧತಿಯಿತ್ತು. 1853ರಲ್ಲಿ ಸ್ಯಾಮ್ಯುಯೆಲ್ ಬರ್ಜೆಸ್ ಅಲ್ಲಿಗೆ ಪಾಲಕನಾಗಿ ಬಂದಾಗ ಜೊತೆಯಲ್ಲಿ ಕಾಯಿಲೆಯ ಹೆಂಡತಿಯೂ ಹೆಣ್ಣುಮಕ್ಕಳೂ ಇದ್ದರು. ಎರಡು ಗೋಪುರಗಳಲ್ಲಿ ಹದಿನಾಲ್ಕು ಹದಿನಾಲ್ಕರಂತೆ 28 ಆರ್ಗಾಂಡ್ ದೀಪಗಳು. ತಂದೆ ಸಾಮಾನು ತರಲು ಅಥವಾ ನಳ್ಳಿ ಹಿಡಿಯಲು ಹೋದಾಗ ಅವುಗಳ ಹೊಣೆ ಹಿರಿಮಗಳಂತೆ ದುಡಿದ ಅಬಿಗೈಲ್, ಎಲ್ಲರೂ ಕರೆಯುತ್ತಿದ್ದಂತೆ ಆ್ಯಬಿ, ಹೊತ್ತುಕೊಂಡಳು.

1856ರ ಜನವರಿಯಲ್ಲಿ, ಸರಬರಾಜು ಹಡಗು ಬರದೆ ದಿನಸಿ ಮುಗಿಯುತ್ತ ಬಂದಾಗ, ಸ್ಯಾಮ್ಯುಯೆಲ್ ದೋಣಿಯಲ್ಲಿ ದಡಕ್ಕೆ ಹೊರಟ. ಅವನು ಹೋದ ಬೆನ್ನಿಗೇ ಎದ್ದ ಬಿರುಗಾಳಿಯಲ್ಲಿ ಅಲೆಗಳು ಬಂಡೆಯನ್ನೇ ಹಾದುಹೋದವು. 16 ವರ್ಷದ ಆ್ಯಬಿ ತಾಯಿಯನ್ನೂ ತಂಗಿಯರನ್ನೂ ಕಲ್ಲಿನ ಗೋಪುರದೊಳಗೆ ಸೇರಿಸಿ, ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ನೀರಿಗಿಳಿದು ಗೂಡಿನ ಕೋಳಿಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಎತ್ತಿ ತಂದಳು. ಸ್ವಲ್ಪ ಹೊತ್ತಿನಲ್ಲಿಯೇ ಹಳೆಯ ಮನೆ ಕಡಲಿನ ಪಾಲಾಯಿತು. ಮುಂದಿನ ಸುಮಾರು ನಾಲ್ಕು ವಾರಗಳ ಕಾಲ ಯಾವ ದೋಣಿಯೂ ಬಂಡೆಗೆ ಹತ್ತಿಕೊಳ್ಳಲಾಗದೆ ಇದ್ದಾಗ 28 ದೀಪಗಳು ಒಂದು ರಾತ್ರಿಯೂ ಆರಲಿಲ್ಲ. ಮರುವರ್ಷ ತಂದೆ ಮತ್ತೆ ದಡದಲ್ಲಿ ಸಿಕ್ಕಿಕೊಂಡಾಗ ಮನೆಯವರು ದಿನಕ್ಕೆ ಒಂದು ಬಟ್ಟಲು ಮೆಕ್ಕೆಜೋಳದ ಹಿಟ್ಟು ಮತ್ತು ಒಂದು ಮೊಟ್ಟೆಯ ಲೆಕ್ಕದಲ್ಲಿ ಬದುಕಿದರು. ಹಿಂದಿನ ವರ್ಷ ಕೋಳಿಗಳನ್ನು ಉಳಿಸಿದ್ದು ಎಳೆಯ ಹುಡುಗಿಯ ಮಮತೆ ಮಾತ್ರವಾಗಿರದೆ ಗೃಹಿಣಿಯ ಲೆಕ್ಕಾಚಾರವೂ ಆಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿಯವರೆಗಿನ ಭಾಗವನ್ನು ಅಮೆರಿಕದ ಮಕ್ಕಳ ಪುಸ್ತಕಗಳು ಹಲವು ಬಾರಿ ಹೇಳಿವೆ. ಪ್ರಣಯದ ಭಾಗ ಶುರುವಾಗುವುದು ಒಂದು ರಾಜಕೀಯ ಬದಲಾವಣೆಯಿಂದ. ಆ ಕಾಲದಲ್ಲಿ ದೀಪಪಾಲಕನ ಹುದ್ದೆ ಆಳುವ ಪಕ್ಷ ತನ್ನವರಿಗೆ ಹಂಚುವ ಹುದ್ದೆಗಳಲ್ಲಿ ಒಂದಾಗಿತ್ತು. ಅಧ್ಯಕ್ಷ ಬದಲಾದರೆ ಪಾಲಕನೂ ಬದಲಾಗುತ್ತಿದ್ದ, ಈ ಹುದ್ದೆಗಳನ್ನು ಅರ್ಹತೆಯ ನಾಗರಿಕ ಸೇವೆಗೆ ಸೇರಿಸಿದ್ದು 1896ರಲ್ಲಿ. 1861ರಲ್ಲಿ ಲಿಂಕನ್ ಅಧಿಕಾರಕ್ಕೆ ಬಂದಾಗ ಸ್ಯಾಮ್ಯುಯೆಲ್ ಬರ್ಜೆಸ್ ಹುದ್ದೆ ಕಳೆದುಕೊಂಡ, ಜಾನ್ ಗ್ರಾಂಟ್ ಎಂಬವನು ಅವನ ಜಾಗಕ್ಕೆ ಬಂದ. ಬರ್ಜೆಸ್ ಮನೆಯವರು ಬಂಡೆ ಬಿಟ್ಟರೂ, ಹೊಸಬರಿಗೆ ದೀಪಗಳ ಸ್ವಭಾವ ತಿಳಿಸಿಕೊಡಲೆಂದು ಆ್ಯಬಿ ಉಳಿದುಕೊಂಡಳು. ಹೀಗೆ ತಂದೆಯ ಕೆಲಸವನ್ನು ಕಸಿದ ಮನೆತನಕ್ಕೆ ಅದೇ ಕೆಲಸವನ್ನು ಕಲಿಸುವ ವಿಚಿತ್ರ ಸ್ಥಿತಿಯಲ್ಲಿ ಆಕೆಗೆ ಹೊಸ ಪಾಲಕನ ಮಗ ಐಸಾಕ್ ಗ್ರಾಂಟ್ ಪರಿಚಯವಾದ. ಅದೇ ವರ್ಷ ಅವರ ಮದುವೆಯೂ ಆಯಿತು. ಆಮೇಲೆ ಆಕೆಗೆ ಸಹಾಯಕ ದೀಪಪಾಲಕಿಯಾಗಿ ನೇಮಕವಾಯಿತು. ತಂದೆಯ ಕಾಲದಲ್ಲಿ ಹುದ್ದೆಯ ಹೆಸರಿಲ್ಲದೆ ಮಾಡಿದ ಕೆಲಸಕ್ಕೆ ಸರ್ಕಾರದ ಪುಸ್ತಕದಲ್ಲಿ ಸಂಬಳದ ಸಾಲು ಸಿಕ್ಕಿದ್ದು ಆಕೆ ಸೊಸೆಯಾಗಿ ಬಂದ ಮೇಲೆ.

ದಂಪತಿಗಳು 1875ರವರೆಗೆ ಅದೇ ಬಂಡೆಯಲ್ಲಿದ್ದರು. ನಾಲ್ಕು ಮಕ್ಕಳು ಅಲ್ಲಿಯೇ ಹುಟ್ಟಿದರು. ವೈದ್ಯ, ಸೂಲಗಿತ್ತಿ, ಶಾಲೆ, ಇಗರ್ಜಿ ಯಾವುದೂ ಹವೆ ಒಪ್ಪಿದ ದಿನವಲ್ಲದೆ ಕೈಗೆಟುಕದ ಜಾಗದಲ್ಲಿ ಹೆರಿಗೆ ಎಂದರೆ ಏನಾಗಿತ್ತು ಎಂಬುದನ್ನು ಊಹಿಸಬಹುದು. ಆ ಬಳಿಕ ದಡಕ್ಕೆ ಹತ್ತಿರವಾದ ವೈಟ್‌ಹೆಡ್ ದೀಪಸ್ತಂಭಕ್ಕೆ ಐಸಾಕ್ ಪಾಲಕನಾಗಿಯೂ ಆ್ಯಬಿ ಸಹಾಯಕಿಯಾಗಿಯೂ ವರ್ಗವಾದರು. ಕೊನೆಗಾಲದ ಒಂದು ಪತ್ರದಲ್ಲಿ ಆಕೆ, ಈಗಲೂ ಕನಸಿನಲ್ಲಿ ಮ್ಯಾಟಿನಿಕಸ್‌ನ ಹಳೆಯ ದೀಪಗಳನ್ನು ನೋಡಿಕೊಳ್ಳುತ್ತಿರುವುದಾಗಿಯೂ ಸತ್ತ ಮೇಲೂ ಈ ಕಾಳಜಿ ಜೀವವನ್ನು ಹಿಂಬಾಲಿಸುವುದೋ ಎಂದು ಅಚ್ಚರಿಪಡುವುದಾಗಿಯೂ ಬರೆದಿದ್ದಾಳೆ. ದೀಪಪಾಲಕಿಯೊಬ್ಬಳು ಬರೆದಿಟ್ಟ ಮಾತುಗಳಲ್ಲಿ ಪ್ರಣಯಕ್ಕೆ ಅತಿ ಸಮೀಪವಾದ ಸಾಲುಗಳು ಇವೇ ಇರಬಹುದು, ಆದರೆ ಅಲ್ಲಿ ಹಂಬಲ ಹರಿದಿರುವುದು ದೀಪಗಳ ಕಡೆಗೆ.

ಎಲ್ಲ ದೀಪಸ್ತಂಭಗಳಲ್ಲೂ ಸಂಸಾರಕ್ಕೆ ಜಾಗವಿರಲಿಲ್ಲ. ಅಮೆರಿಕದಲ್ಲಿ ಕುಟುಂಬ ಸಮೇತ ಇರಬಹುದಾದ ಠಾಣೆಗಳನ್ನೂ ಗಂಡಸರು ಮಾತ್ರ ಇರಬೇಕಾದ ಠಾಣೆಗಳನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಿದ್ದರು. ಎರಡನೆಯ ಬಗೆಗೆ ಮಾದರಿ ಸ್ಕಾಟ್ಲೆಂಡಿನ ಬೆಲ್ ರಾಕ್. ಉಬ್ಬರದಲ್ಲಿ ಪೂರ್ತಿ ಮುಳುಗುವ ಬಂಡೆಯ ಮೇಲೆ ರಾಬರ್ಟ್ ಸ್ಟೀವನ್ಸನ್‌ನ ಮೇಲ್ವಿಚಾರಣೆಯಲ್ಲಿ ಎದ್ದ, 1811ರ ಫೆಬ್ರವರಿ 1ರಂದು ಮೊದಲ ಬಾರಿ ಬೆಳಗಿದ ಈ ಗೋಪುರದ ಸುತ್ತ ಕಾಲಿಡಲು ನೆಲವೇ ಇಲ್ಲ. ಪಾಲಕರು ಆರು ವಾರ ಗೋಪುರದಲ್ಲಿದ್ದು ಎರಡು ವಾರ ದಡಕ್ಕೆ ಬರುವ ಸರದಿಯನ್ನು ಪಾಲಿಸುತ್ತಿದ್ದರು. ಹೆಂಡತಿ ಮಕ್ಕಳು ಸುಮಾರು 18 ಕಿಲೋಮೀಟರ್ ದೂರದ ಆರ್ಬ್ರೋತ್ ಊರಿನ ತೀರಠಾಣೆಯಲ್ಲಿ, ಎಂದರೆ ಬಂಡೆಯ ದೀಪಕ್ಕೆ ಬೇಕಾದ ಜನ ಮತ್ತು ಸಾಮಾನುಗಳನ್ನು ಇಟ್ಟುಕೊಳ್ಳುವ ದಡದ ನೆಲೆಯಲ್ಲಿ, ಇರುತ್ತಿದ್ದರು. 1813ರಲ್ಲಿ ಕಟ್ಟಿದ ಅಲ್ಲಿನ ಸಂಜ್ಞಾಗೋಪುರದಲ್ಲಿ ದೂರದರ್ಶಕವಿತ್ತು. ಪ್ರತಿ ಬೆಳಿಗ್ಗೆ ದೀಪಸ್ತಂಭದ ನೆತ್ತಿಯಲ್ಲಿ ತಾಮ್ರದ ಚೆಂಡೊಂದನ್ನು ಮೇಲೇರಿಸಿದರೆ ಎಲ್ಲರೂ ಕ್ಷೇಮ ಎಂದರ್ಥ, ದಡದ ಗೋಪುರವೂ ತನ್ನ ಚೆಂಡನ್ನು ಏರಿಸಿ ಉತ್ತರ ಕೊಡುತ್ತಿತ್ತು. ಬಂಡೆಯ ಚೆಂಡು ಮೇಲೇಳದಿದ್ದರೆ ದೋಣಿ ಹೊರಡುತ್ತಿತ್ತು. ಪಾಲಕನೊಬ್ಬನ ಹೆಂಡತಿ ಹೆತ್ತಾಗ, ಗಂಡು ಮಗುವಾದರೆ ಚಲ್ಲಣವನ್ನೂ ಹೆಣ್ಣಾದರೆ ಲಂಗವನ್ನೂ ದಡದ ಕಂಬಕ್ಕೆ ಏರಿಸುತ್ತಿದ್ದರೆಂಬುದು ಆ ಊರಿನ ಪ್ರತೀತಿ. ಹೀರೋ ಮತ್ತು ಲಿಯಾಂಡರರ ಕಥೆ ಇಲ್ಲಿ ತಿರುಗುಮುರುಗಾಗಿದೆ: ಕಡಲ ನಡುವಿನ ಗೋಪುರದಲ್ಲಿ ದೀಪ ಹಚ್ಚುವವನು ಗಂಡ, ದಡದಲ್ಲಿ ಕಾಯುವವಳು ಹೆಂಡತಿ, ಮಾತ್ರವಲ್ಲ, ಅವರ ನಡುವೆ ಹಾದುಹೋಗುವ ಸುದ್ದಿ ಹಗಲಿನಲ್ಲಿ, ಊರೆಲ್ಲ ನೋಡುವಂತೆ, ಸರ್ಕಾರಿ ಕಂಬದ ಮೇಲೆ ಏರುತ್ತಿತ್ತು.

ಮದುವೆಯೇ ಉದ್ಯೋಗವಾಗಿ, ಉದ್ಯೋಗವೇ ವೈಧವ್ಯದ ಆಸರೆಯಾದ ಮತ್ತೊಂದು ಬಾಳು ನ್ಯೂಯಾರ್ಕ್ ಬಂದರಿನ ರಾಬಿನ್ಸ್ ರೀಫ್‌ನದು. ಜರ್ಮನಿಯಿಂದ ಮಗನೊಂದಿಗೆ ವಲಸೆ ಬಂದ ವಿಧವೆ ಕೇಟ್, ನ್ಯೂಜೆರ್ಸಿಯ ಸ್ಯಾಂಡಿ ಹುಕ್‌ನ ದೀಪಸ್ತಂಭದಲ್ಲಿದ್ದ ಜಾನ್ ವಾಕರ್‌ನಿಂದ ಇಂಗ್ಲಿಷ್ ಕಲಿತಳು; ಪಾಠ ಮದುವೆಯಲ್ಲಿ ಕೊನೆಗೊಂಡಿತು. ಸ್ಯಾಂಡಿ ಹುಕ್ ನೆಲದ ಮೇಲಿನ ಠಾಣೆಯಾಗಿತ್ತು, ಆದರೆ ಜಾನ್‌ಗೆ ವರ್ಗವಾದ ರಾಬಿನ್ಸ್ ರೀಫ್ ನೀರಿನ ನಡುವೆ ನಿಂತ, 1883ರಲ್ಲಿ ಕಟ್ಟಿದ ಕಬ್ಬಿಣದ ಗೋಪುರ. ಎಲ್ಲಿ ನೋಡಿದರೂ ನೀರೇ ಕಾಣುವ ಆ ಜಾಗದಲ್ಲಿ ಇರಲಾರೆನೆಂದು ತಾನು ಮೊದಲು ಪೆಟ್ಟಿಗೆಗಳನ್ನೇ ಬಿಚ್ಚಲಿಲ್ಲವೆಂದೂ, ದಿನಕ್ಕಿಷ್ಟಿಷ್ಟು ಬಿಚ್ಚುತ್ತ ಹೋಗಿ ಕೊನೆಗೆ ಉಳಿದೇಬಿಟ್ಟೆನೆಂದೂ ಆಕೆ ಮುಂದೆ ಪತ್ರಿಕೆಯವರಿಗೆ ಹೇಳಿದಳು. 1890ರಲ್ಲಿ ನ್ಯುಮೋನಿಯಾ ತಗುಲಿದ ಜಾನ್‌ನನ್ನು ದಡಕ್ಕೆ ಒಯ್ಯುವಾಗ ಅವನು ಹೆಂಡತಿಗೆ ಹೇಳಿದ ಕೊನೆಯ ಮಾತು ದೀಪವನ್ನು ನೋಡಿಕೋ ಎಂಬುದಾಗಿತ್ತೆಂದು ಆಕೆಯ ಬಾಯಿಂದಲೇ ದಾಖಲಾಗಿದೆ. ಐದು ಅಡಿಗೂ ಕಡಿಮೆ ಎತ್ತರದ ಹೆಂಗಸಿಗೆ ಹುದ್ದೆಯನ್ನು ಕಾಯಂ ಮಾಡಲು ಇಲಾಖೆ ಕೆಲವು ವರ್ಷ ಹಿಂಜರಿದು, ಅಲ್ಲಿಗೆ ಬರಲು ಗಂಡಸರು ಒಪ್ಪದಿದ್ದುದರಿಂದ ಕೊನೆಗೆ ಒಪ್ಪಿತು. ಮಕ್ಕಳನ್ನು ದೋಣಿಯಲ್ಲಿ ಸ್ಟೇಟನ್ ದ್ವೀಪದ ಶಾಲೆಗೆ ಮುಟ್ಟಿಸುತ್ತ, ಮುಳುಗುತ್ತಿದ್ದವರನ್ನು ಎತ್ತುತ್ತ ಆಕೆ 1919ರವರೆಗೆ ಆ ದೀಪವನ್ನು ನಡೆಸಿದಳು.

ರೋಡ್ ಐಲೆಂಡಿನ ಲೈಮ್ ರಾಕ್‌ನ ಐಡಾ ಲೂಯಿಸಳ ಬಾಳು ಇದೇ ನಂಟಿನ ಇನ್ನೊಂದು ಮುಖ. ಪಾಲಕನಾಗಿದ್ದ ತಂದೆಗೆ ಪಾರ್ಶ್ವವಾಯು ಬಡಿದಾಗ ಎಳೆಯ ವಯಸ್ಸಿನಲ್ಲೇ ದೀಪದ ಹೊಣೆ ಹೊತ್ತ ಆಕೆ, ಜೀವರಕ್ಷಣೆಯ ಸಾಹಸಗಳಿಂದ 1869ರಲ್ಲಿ ದೇಶದ ಪತ್ರಿಕೆಗಳ ಮುಖಪುಟಕ್ಕೆ ಬಂದಳು. 1870ರಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದವಳು ಸ್ವಲ್ಪ ಕಾಲದಲ್ಲೇ ಗಂಡನನ್ನು ಬಿಟ್ಟು ಬಂಡೆಗೆ ಮರಳಿದಳು. 1879ರಲ್ಲಿ ಆಕೆಗೆ ಹುದ್ದೆ ಅಧಿಕೃತವಾಗಿ ಸಿಕ್ಕಿತು, 1911ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದಳು. ದೀಪದ ಹೊರಗಿನ ದಾಂಪತ್ಯ ಮುರಿಯಿತು, ದೀಪದೊಡನೆ ಬೆಸೆದ ದುಡಿಮೆ ಉಳಿಯಿತು.

ವಿದ್ಯುತ್ತು ಮತ್ತು ಸ್ವಯಂಚಾಲಿತ ಯಂತ್ರಗಳು ಬಂದ ಮೇಲೆ ಈ ಸಂಸಾರಗಳು ಒಂದೊಂದಾಗಿ ದಡ ಸೇರಿದವು. ಮ್ಯಾಟಿನಿಕಸ್‌ನ ಜೋಡಿ ದೀಪಗಳಲ್ಲಿ ಒಂದನ್ನು 1924ರಲ್ಲಿ ಆರಿಸಲಾಯಿತು, ಉಳಿದದ್ದು 1983ರಲ್ಲಿ ಸ್ವಯಂಚಾಲಿತವಾಯಿತು. ಈಗ ಆ ಬಂಡೆಯಲ್ಲಿ ಗೂಡು ಕಟ್ಟುವುದು ಪಫಿನ್ ಎಂಬ ಕಡಲಹಕ್ಕಿಗಳು. ಬೆಲ್ ರಾಕ್‌ನಿಂದ 1988ರಲ್ಲಿ ಪಾಲಕರು ಇಳಿದರು. ಸ್ಕಾಟ್ಲೆಂಡಿನ ಕೊನೆಯ ಪಾಲಕರು ಫೇರ್ ದ್ವೀಪದ ದೀಪಸ್ತಂಭವನ್ನು ಬಿಟ್ಟದ್ದು 1998ರ ಮಾರ್ಚ್ 31ರಂದು. ಜನರಿಲ್ಲದ ಗೋಪುರಗಳು ಹೆಚ್ಚಿದಷ್ಟೂ ಅವುಗಳಲ್ಲಿ ಒಲವನ್ನು ಇರಿಸುವ ಕಾದಂಬರಿಗಳೂ ಹೆಚ್ಚುತ್ತ ಬಂದವು.

ಆ್ಯಬಿ 1892ರಲ್ಲಿ ತೀರಿಕೊಂಡಳು. ತನ್ನ ಗೋರಿಯ ಗುರುತು ದೀಪಸ್ತಂಭದ ಆಕಾರದಲ್ಲಿರಬೇಕೆಂಬ ಆಕೆಯ ಬಯಕೆಯನ್ನು 1945ರಲ್ಲಿ ಸ್ಪ್ರೂಸ್ ಹೆಡ್‌ನ ಸ್ಮಶಾನದಲ್ಲಿ ಚಿಕ್ಕದೊಂದು ಲೋಹದ ಗೋಪುರವನ್ನಿಟ್ಟು ಈಡೇರಿಸಲಾಯಿತು. 1990ರ ದಶಕದಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ, ಕಡಲಿನ ತೇಲುಗುರುತುಗಳನ್ನು ನೋಡಿಕೊಳ್ಳಲು ಕಟ್ಟಿಸಿದ 14 ಹಡಗುಗಳಿಗೆ ಹಳೆಯ ದೀಪಪಾಲಕರ ಹೆಸರುಗಳನ್ನಿಟ್ಟಾಗ ಐಡಾ ಲೂಯಿಸ್, ಕ್ಯಾಥರೀನ್ (ಕೇಟ್) ವಾಕರ್ ಮತ್ತು ಆ್ಯಬಿ ಬರ್ಜೆಸ್ ಎಂಬ ಹೆಸರುಗಳು ಅವುಗಳಲ್ಲಿ ಸೇರಿದವು. ರಾಕ್‌ಲ್ಯಾಂಡ್ ಬಂದರನ್ನು ನೆಲೆಯಾಗಿಟ್ಟುಕೊಂಡ ಇಲ್ಲಿ ಕೊನೆಗೆ ಹೆಸರಿಸಿದ ಹಡಗಿನ ಮೈಮೇಲಿರುವುದು ಬಿರುಗಾಳಿಯನ್ನೆದುರಿಸಿದ ಹದಿನಾರರ ಹುಡುಗಿಯ ಹೆಸರು. ಸಂಬಳದ ಪುಸ್ತಕದಲ್ಲಿ ಮೂರು ದಶಕಗಳಿಗೆ ಸಮೀಪದ ಕಾಲ ದೀಪ ಹಚ್ಚಿದವಳು ಮಾತ್ರ ಶ್ರೀಮತಿ ಗ್ರಾಂಟ್.